ಅರದ ಪುಡಿ

ಬಿಚ್ಚುವಾಗ ಅವಸರವಿರಲಿಲ್ಲ.
ಭಾನುವಾರ ಮಧ್ಯಾಹ್ನ, ಊಟದ ಮೇಜಿಗೆ ಹಳೇ ಪೇಪರು ಹಾಸಿ,
ಪೀಣ್ಯದ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ
ಕೂದಲೆಳೆಯನ್ನೂ ಅಳೆದ ಕೈ,
ಇದೆಷ್ಟರದು ಅಂದುಕೊಂಡೆ.

ಮಾವನವರ ರಿವಾಲ್ವರು. ಕೇಶೋಜಿರಾಯರು
ಗಿರಣಿಯ ಸಂಬಳದ ಪೆಟ್ಟಿಗೆಯ ಜೊತೆ
ಜಟಕಾದಲ್ಲಿ ಕೂತು ಬ್ಯಾಂಕಿನಿಂದ ಬರುವಾಗ
ಸೊಂಟದಲ್ಲಿರುತ್ತಿತ್ತಂತೆ. ಒಮ್ಮೆಯೂ ಹಾರಿಸಿದ್ದಿಲ್ಲ.
ಲೈಸೆನ್ಸು ನನ್ನ ಹೆಸರಿಗಾಯಿತು, ಜೊತೆಗೆ ಅದರ ಹಟವೂ:
ಕುದುರೆ ಗಟ್ಟಿ. ಎಳೆದರೆ ಬೆರಳ ಗಿಣ್ಣು ನೋಯುವಷ್ಟು.
ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವಾಗೆಲ್ಲ
ಫಿಟ್ಟರನ ಮೈ ಉರಿಯುತ್ತಿತ್ತು:
ಇಷ್ಟು ಒರಟಾಗಿ ಯಾರು ಬಿಟ್ಟರು ಇದನ್ನು?

ಅರ ಹಿಡಿದೆ. ಉಪ್ಪುಕಾಗದ ಹಿಡಿದೆ.
ಎಷ್ಟು ಉಜ್ಜಿದೆ ಎಂದು ಹೇಳುವುದಿಲ್ಲ,
ನನಗೆ ಅರ ಹಿಡಿಯಲು ಕಲಿಸಿದ ಗನಿ ಸಾಹೇಬರು
ಗೋರಿಯಿಂದಲೇ ಬೈದಾರು.

ಸೋಮವಾರ ಚುನಾವಣೆ ಘೋಷಣೆ.
ಬಾಗಲಗುಂಟೆ ಠಾಣೆಯಿಂದ ಫೋನು:
ಬುಧವಾರದೊಳಗೆ ತಂದು ಜಮಾ ಮಾಡಿ ಸಾರ್,
ನಿಮ್ಮದೊಂದು ಪೀಸಲ್ಲವಾ?
ನಮ್ಮದು ಆಗ ಹದಿನೇಳು ಪೀಸು.

ಬಿಚ್ಚುವುದೇ ಬೇರೆ, ಜೋಡಿಸುವ ವಿದ್ಯೆಯೇ ಬೇರೆ.
ಒಂದನ್ನು ಕೂರಿಸಿದರೆ ಇನ್ನೊಂದು
ಪಂಕ್ತಿಯಲ್ಲಿ ಮುನಿದ ಬೀಗರ ಹಾಗೆ ಎದ್ದು ನಿಲ್ಲುತ್ತದೆ.
ಹೊರಗೆ ಕಂಬದ ಮೇಲೆ ದಾಸರಹಳ್ಳಿಯ ಮೆಟ್ರೋ ಹೋದಾಗೆಲ್ಲ
ಲೋಟದ ನೀರಿಗೊಂದು ಸುಳಿ, ಮೇಜಿಗೊಂದು ನಡುಕ,
ತಿರುಪುಗಳು ಪೇಪರಿನ ಮೇಲೆ
ಜಾತಕದ ಗ್ರಹಗಳಂತೆ ಮನೆ ಬದಲಿಸುತ್ತಿದ್ದವು.

ಅಂಬೂಬಾಯಿ ಅಡುಗೆಮನೆಯಿಂದ ನೋಡುತ್ತಲೇ ಇದ್ದಳು.
ಮೂರನೇ ಸಲ ಹಾರಿದ ಸ್ಪ್ರಿಂಗನ್ನು
ಸೂಜಿ ಹೆಕ್ಕುವ ಅಯಸ್ಕಾಂತದಿಂದ ಅವಳೇ ಹುಡುಕಿ ಕೊಟ್ಟಳು,
ಫ್ರಿಜ್ಜಿನ ಅಡಿಯಿಂದ,
ಅದಕ್ಕೆ ಸಿಕ್ಕಿಕೊಂಡ ಬೆಳ್ಳುಳ್ಳಿ ಸಿಪ್ಪೆಯ ಸಮೇತ.
ಏನೂ ಅನ್ನಲಿಲ್ಲ.

ಮಂಗಳವಾರ ರಾತ್ರಿ, ಕೊನೆಯ ಮೆಟ್ರೋ ಹೋದ ಮೇಲೆ
ಕೊನೆಯ ತಿರುಪು ಕಚ್ಚಿತು.
ಚಕ್ರ ತಿರುಗಿಸಿ ನೋಡಿದೆ:
ಆರು ಮನೆಯ ವಠಾರ, ಒಂದರಲ್ಲೂ ಬಾಡಿಗೆಯವರಿಲ್ಲ,
ಆಚೆಯ ಬೆಳಕು ಈಚೆಗೆ ಕಾಣುತ್ತದೆ.
ಗೋಡೆಯ ಕಡೆ ಹಿಡಿದು ಎಳೆದೆ.

ಎಳೆದೆ ಅನ್ನುವುದೂ ಹೆಚ್ಚಾಯಿತು.
ನೆನೆದೆ, ಅಷ್ಟೇ. ಬೆರಳು ಹೊರಡುವ ಮೊದಲೇ
ಟಕ್.

ಬೆಣ್ಣೆ! ಅಂದೆ. ನೋಡೇ, ಬೆಣ್ಣೆ ಆಗಿದೆ.

ಅವಳು ಕೈ ಒರೆಸಿಕೊಂಡು ಬಂದು ಕೂತಳು.
ಮುಟ್ಟಲಿಲ್ಲ.
ಗಿರಣಿ ಮುಚ್ಚಿದ ವರ್ಷ, ಅಂದಳು, ನನಗೆ ಹದಿಮೂರು.
ಅಪ್ಪ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು.
ನಾನು ಹೊರಗೆ ಬಟ್ಟೆ ಹಿಂಡುತ್ತಿದ್ದೆ.
ಕಿರ್ ಅಂತ ಒಂದು ಸದ್ದು, ಅರ್ಧಕ್ಕೆ ನಿಂತಿತು.
ಇನ್ನೊಮ್ಮೆ. ಅದೂ ಅರ್ಧ.
ಆಮೇಲೆ ಬಹಳ ಹೊತ್ತು ನಲ್ಲಿ ನೀರು.
ಮುಖ ತೊಳೆದುಕೊಂಡು ಬಂದು
ಕಾಫಿ ಇದೆಯೇನಮ್ಮ ಅಂದರು.
ನಮ್ಮ ಮದುವೆಯಲ್ಲಿ ಪಂಚೆ ಎತ್ತಿ ಕಟ್ಟಿ
ಅವರೇ ನಿಮಗೆ ಹೋಳಿಗೆ ಬಡಿಸಿದ್ದು, ನೆನಪಿದೆಯಲ್ಲ?

ನೆನಪಿದೆ. ಮೂರು ಬಡಿಸಿದರು, ಬೇಡ ಅಂದರೂ.

ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದೆ:
ದಪ್ಪ ಉಳಿದರೆ ನಾಳೆ ತೆಗೆಯಬಹುದು,
ತೆಗೆದದ್ದನ್ನು ದೇವರೂ ಹಚ್ಚಲಾರ.

ಠಾಣೆಯಲ್ಲಿ ರೈಟರು ನಂಬರು ಓದಿ ಬರೆದುಕೊಂಡ.
ಸ್ಥಿತಿ ಅನ್ನುವ ಕಾಲಮ್ಮಿನಲ್ಲಿ, ಉತ್ತಮ.
ಪೆನ್ನು ಕೇಳಿ ತಿದ್ದಬೇಕೆನಿಸಿತು.
ಎಣಿಕೆ ಮುಗಿದ ಮೇಲೆ ಬಂದು ತಗೊಂಡು ಹೋಗಿ ಅಂದ.
ಬರದೇ ಇದ್ದರೆ? ಅಂದೆ.
ತಮಾಷೆ ಅಂದುಕೊಂಡು ನಕ್ಕ.

ಮನೆಗೆ ಬಂದರೆ ಪೇಪರು ಇನ್ನೂ ಮೇಜಿನ ಮೇಲೇ.
ಮಡಿಕೆಯೊಳಗೆ ಬೂದು ಪುಡಿ,
ಚಿಟಿಕೆ ಉಪ್ಪಿನಷ್ಟೂ ಇಲ್ಲ.
ಸೆಕೆ. ಫ್ಯಾನು ಹಾಕಲು ಹೋದೆ.
ಬೇಡ ಅಂದಳು.